ಚಕ್ರದ ಹಿಂದಿನ ಕಲ್ಲು

ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ 2.10ಕ್ಕೆ ಚೆರ್ನಾ ಸ್ಕಲಾ ಠಾಣೆಗೆ ದೂರು ಬಂದಾಗ ಇನ್‌ಸ್ಪೆಕ್ಟರ್ ಲ್ಯುಬೆನ್ ಕರಾಜೋವ್ ಬೂಟು ಬಿಚ್ಚಿ ಮಂಡಿ ಒತ್ತಿಕೊಳ್ಳುತ್ತಿದ್ದ. ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಬೇಸಿಗೆ ಬಂತೆಂದರೆ ಬಯಲಿನ ಜನ ರೊಡೊಪಿ ಬೆಟ್ಟ ನೋಡಲು ಕಾರು ಹತ್ತಿ ಬರುತ್ತಾರೆ, ಒಂದೆರಡು ಕಾರು ಕಮರಿಗೆ ಬೀಳುತ್ತವೆ, ಬೀಳಿಸಿದವರೆಲ್ಲ ತಪ್ಪು ಬೇರೆಯವರದೆನ್ನುತ್ತಾರೆ. ಮೂವತ್ತೊಂದು ವರ್ಷ ಇದನ್ನೇ ಬರೆದುಕೊಂಡು ಅವನಿಗೆ ಸಾಕಾಗಿ ಹೋಗಿತ್ತು.

ದೂರು ತಂದವನು ಪ್ಲೊವ್‌ಡಿವ್‌ನ ವೆಸೆಲಿನ್. ಮದುವೆಯಾಗಿ ಹತ್ತು ವರ್ಷವಾಯಿತೆಂದು ಹೆಂಡತಿ ರಾಲಿತ್ಸಾಳ ಜೊತೆ ವಾರದ ಪ್ರವಾಸ ಹೊರಟಿದ್ದ. ಊರಿನ ಮೇಲಿನ ತಿರುವಿನಲ್ಲಿ, ಕಲ್ಲಿನ ನೀರ್ತೊಟ್ಟಿಯ ಬಳಿ ಕಾರು ನಿಲ್ಲಿಸಿ ಫೋಟೊ ತೆಗೆಯಲು ಹೊಳೆಗೆ ಇಳಿದಿದ್ದಾಗ, ಅವಳು ಹಿಂದಿನ ಸೀಟಿನಲ್ಲಿ ಮಲಗಿದ್ದಂತೆಯೇ ಕಾರು ಕಮರಿಗೆ ಉರುಳಿತ್ತು. ಅವಳನ್ನು ಆಂಬುಲೆನ್ಸು ಸ್ಮೊಲ್ಯಾನ್ ಆಸ್ಪತ್ರೆಗೆ ಒಯ್ದಿತ್ತು. ದೂರು ಕೊಡೆಂದು ಇವನನ್ನು ದಾರಿಯಲ್ಲಿ ಠಾಣೆಯ ಮುಂದೆ ಇಳಿಸಿದ್ದರು.

"ಹ್ಯಾಂಡ್‌ಬ್ರೇಕ್ ಹಾಕಿದ್ರಾ?"

"ಹಾಕಿದ್ದೆ. ಅದು ಸ್ವಲ್ಪ ಸಡಿಲ. ಅದಕ್ಕೇ ಚಕ್ರದ ಹಿಂದೆ ಕಲ್ಲೂ ಇಟ್ಟಿದ್ದೆ."

ಫೋನಿನಲ್ಲಿ 12.52ಕ್ಕೆ ತೆಗೆದ ಫೋಟೊ ಇತ್ತು. ಅದರಲ್ಲಿ ಕಾರು, ಹಿಂದಿನ ಚಕ್ರ, ಅದರ ಹಿಂದೆ ಕಲ್ಲು ಮೂರೂ ಕಾಣುತ್ತಿದ್ದವು. ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೇಬಲ್ ಸ್ಪಾಸ್ ಹೊರಗೆ ಬಂದವನೇ ತೀರ್ಪು ಕೊಟ್ಟುಬಿಟ್ಟ. "ಗಂಡನೇ ಸಾರ್. ಹತ್ತು ವರ್ಷ ಅಂದ್ರೆ ಸಾಮಾನ್ಯಾನಾ?"

"ನಿಂದೆಷ್ಟಾಯ್ತೋ?"

"ಹನ್ನೆರಡು ಸಾರ್," ಎಂದು ಸ್ಪಾಸ್ ಜೀಪು ಹತ್ತಿದ.

3.30ಕ್ಕೆ ಕುರಿ ಕಾಯುವವನೊಬ್ಬನನ್ನೂ ಅಂಚೆಯಾಕೆಯನ್ನೂ ಪಂಚರಾಗಿ ಕರೆದು ಸ್ಥಳ ಪಂಚನಾಮೆ ಶುರುಮಾಡಿದರು. ಕಾರು ನಲವತ್ತು ಅಡಿ ಕೆಳಗೆ ಪೈನ್ ಮರಕ್ಕೆ ತಗುಲಿ ನಿಂತಿತ್ತು. ಆದರೆ ರಾಲಿತ್ಸಾ ಕಾರಿನೊಳಗೆ ಸಿಕ್ಕಿರಲಿಲ್ಲ. ಯಾರೋ ಅವಳನ್ನು ಹೊರಗೆಳೆದು ನೆರಳಿನಲ್ಲಿ ಮಲಗಿಸಿ, ತಲೆಯಡಿಗೆ ಹಳೆಯ ಉಣ್ಣೆ ಕೋಟು ಮಡಚಿಟ್ಟು ಹೋಗಿದ್ದರು. ಕೋಟಿನ ಜೇಬಿನಲ್ಲಿ ಒಂದು ಪೊಟ್ಟಣ, ಅದರಲ್ಲಿ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ. ಸತ್ತವರ ತಿಥಿಯ ದಿನ ದಾರಿಹೋಕರ ಕೈಗೆ ಹಾಕುವ ಗೋಧಿ ಅದು. ಅಂಚೆಯಾಕೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

ಆದರೆ ಲ್ಯುಬೆನ್ ನೋಡುತ್ತ ನಿಂತದ್ದು ಕಲ್ಲನ್ನು. ಏರಿನಲ್ಲಿ ಗಾಡಿ ನಿಲ್ಲಿಸುವವರ ಚಕ್ರಕ್ಕೆಂದು ಊರವರು ಇಟ್ಟ ಕಲ್ಲು ಅದು. ಈಗ ತೊಟ್ಟಿಯ ಬುಡದಲ್ಲಿ, ತನ್ನ ಎಂದಿನ ಜಾಗದಲ್ಲಿ ನೆಟ್ಟಗೆ ಕೂತಿತ್ತು. ಒಂದು ಮೈಗೆ ಟಯರಿನ ಕಪ್ಪು ಹತ್ತಿತ್ತು. ಕಾರು ಉರುಳಲೆಂದು ಕಲ್ಲು ತೆಗೆದವನು ಅದನ್ನು ಹತ್ತು ಹೆಜ್ಜೆ ಹೊತ್ತು ತಂದು ಇಲ್ಲಿ ಇಟ್ಟಿದ್ದ. ಪ್ಲೊವ್‌ಡಿವ್‌ನವರು ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರು. ಅವರು ಹೋದ ಮೇಲೆ ಎತ್ತಿ ಜಾಗಕ್ಕಿಡುವುದು ಊರವರ ಬೇಸಿಗೆಯ ಕೆಲಸ.

ತೊಟ್ಟಿಯ ಗೋಡೆಯ ಮೇಲೆ ಹೊಸ ಅಂಟು, ಅಂಟಿಗೆ ಹತ್ತಿಕೊಂಡ ಕಾಗದದ ಒಂದು ಮೂಲೆ. ಪಕ್ಕದಲ್ಲಿ ಮಣ್ಣು ಮುಚ್ಚಿದ ಕೆಂಡ. ಆಗಸ್ಟಿನಲ್ಲಿ ಈ ಕಾಡಿನಲ್ಲಿ ಬೆಂಕಿ ಹಾಕುವುದು ಅಪರಾಧ.

5.20ಕ್ಕೆ ವೆಸೆಲಿನ್‌ನನ್ನು ಮತ್ತೆ ಕೂರಿಸಿ ಕೇಳಿದರು.

"ಗೋಡೆ ಮೇಲಿನ ಕಾಗದ ಏನು ಮಾಡಿದ್ರಿ?"

ಮಾಂಸ ಸುಡಬೇಕಿತ್ತು, ಇದ್ದಿಲು ಹೊತ್ತಿಕೊಳ್ಳಲಿಲ್ಲ, ಕೈಗೆ ಸಿಕ್ಕಿದ್ದು ಅದೊಂದೇ ಕಾಗದ ಎಂದ. "ಅವಳು ಬೇಡ ಅಂದ್ಲು ಸಾರ್. ಸತ್ತೋರ ಫೋಟೊ ಇದೆ, ಮುಟ್ಟಬೇಡ ಅಂತ ಕೈ ಹಿಡಿದ್ಲು. ನಾನು ಕೇಳಲಿಲ್ಲ. ಸಿಟ್ಟಾಗಿ ಊಟಾನೂ ಮಾಡದೆ ಹೋಗಿ ಕಾರಲ್ಲಿ ಮಲಗಿದ್ಲು."

ಸ್ಪಾಸ್ ತಲೆ ತಗ್ಗಿಸಿ ಬರೆದುಕೊಂಡ.

ಹದಿನಾಲ್ಕರಂದು ಊರಲ್ಲಿ ತಿಥಿ ಇದ್ದದ್ದು ಒಂದೇ ಮನೆಯಲ್ಲಿ. ಮರುದಿನ ಬೆಳಿಗ್ಗೆ 10ಕ್ಕೆ ಅವರು ಬಡಗಿ ಸ್ತಮೆನ್‌ನ ಆ ಮನೆಗೆ ಹೋದರು. ಗೇಟಿನ ಮೇಲೆ ಅದೇ ಕಾಗದದ ಇನ್ನೊಂದು ಪ್ರತಿ ಇತ್ತು. ಮಗ ಯಾವೋರ್‌ನ ನಗುಮುಖ, ಕೆಳಗೆ 'ನೀನಿಲ್ಲದೆ ಒಂದು ವರ್ಷ', ಆಗಸ್ಟ್ ಹದಿನಾಲ್ಕು. ಮುದುಕನ ಮೈಮೇಲೆ ಕೋಟಿರಲಿಲ್ಲ, ಕೈತುಂಬ ಮುಳ್ಳು ಗೀರಿದ ಗಾಯಗಳಿದ್ದವು. ತೊಟ್ಟಿಯ ತನಕ ಬರಬೇಕಿತ್ತು ಎಂದಷ್ಟೇ ಲ್ಯುಬೆನ್ ಹೇಳಿದ. ಮುದುಕ ಏಕೆಂದು ಕೇಳಲಿಲ್ಲ.

ಸ್ಪಾಸ್ ಜೀಪನ್ನು ಏರಿನಲ್ಲಿ ನಿಲ್ಲಿಸಿದ. ಸ್ತಮೆನ್ ಇಳಿದವನೇ, ಯಾರೂ ಹೇಳದೆ, ಕಲ್ಲು ತಂದು ಹಿಂದಿನ ಚಕ್ರಕ್ಕೆ ಒತ್ತಿಟ್ಟ. ಮೂವರೂ ನೀರು ಕುಡಿದರು. ಮುದುಕ ಬರಿದಾದ ಗೋಡೆಯನ್ನು ನೋಡಿ ಮುಖ ತಿರುಗಿಸಿದ. ಹೊರಡೋಣ ಎಂದಾಗ ಕಲ್ಲನ್ನು ತೆಗೆದು, ಹತ್ತು ಹೆಜ್ಜೆ ಹೊತ್ತು, ಅದರ ಜಾಗದಲ್ಲಿಟ್ಟು, ಕೈ ಒರೆಸಿಕೊಂಡ. ಆಮೇಲೆ ಇಬ್ಬರೂ ತನ್ನನ್ನೇ ನೋಡುತ್ತಿರುವುದು ಅವನಿಗೆ ತಿಳಿಯಿತು.

"ನಿನ್ನೆನೂ ಹೀಗೇ ಇಟ್ಟೆಯಾ, ಸ್ತಮೆನಣ್ಣ?"

"ಇಡದೆ ಇರೋಕಾಗುತ್ತಾ? ಮುಂದೆ ಬರೋರಿಗೆ ಬೇಕಲ್ಲಪ್ಪ. ಯಾವೋರ್ ಬಂದ ದಿನ ಅದು ಇಲ್ಲಿರಲಿಲ್ಲ."

ಹೋದ ವರ್ಷ ಯಾವೋರ್ ಮರದ ಲಾರಿ ನಿಲ್ಲಿಸಿ ಇಲ್ಲಿ ನೀರು ಕುಡಿಯಲು ಇಳಿದಿದ್ದ. ಕಲ್ಲನ್ನು ಯಾರೋ ರಸ್ತೆಯಾಚೆ ಎಸೆದು ಹೋಗಿದ್ದರು. ಲಾರಿ ಹಿಂದಕ್ಕೆ ಜಾರಿ ಅವನ ಮೇಲೇ ಬಂದಿತ್ತು. ಆ ಪಂಚನಾಮೆಯನ್ನೂ ಬರೆದವನು ಲ್ಯುಬೆನನೇ.

ಸ್ತಮೆನ್ ಕೊಟ್ಟ ಹೇಳಿಕೆ ಅರ್ಧ ಪುಟ ತುಂಬಲಿಲ್ಲ. ಬಂದವರ ಕೈಗೆ ಗೋಧಿ ಹಾಕಿ, ಅವರಿಂದ ಮಗನ ಆತ್ಮಕ್ಕೆ ಒಂದು ಹಾರೈಕೆ ಪಡೆಯೋಣವೆಂದು ತೊಟ್ಟಿಗೆ ಬಂದಿದ್ದ. ಮಾಂಸದ ಕೆಳಗೆ ಮಗನ ಮುಖ ಅರ್ಧ ಉರಿದಿತ್ತು. ಬೇಯಿಸಿದವನು ಫೋನು ಹಿಡಿದು ಹೊಳೆಗೆ ಇಳಿದಿದ್ದ. ಕಾರಿನ ಗಾಜಿಗೆ ಬಿಸಿಲಿಗೆಂದು ಬಟ್ಟೆ ಕಟ್ಟಿತ್ತು, ಒಳಗೆ ಯಾರೂ ಇಲ್ಲವೆಂದುಕೊಂಡ. ಕಾರು ಹೋಗಲಿ, ಅವರು ನಡೆದುಕೊಂಡು ಬೆಟ್ಟ ಇಳಿಯಲಿ ಎಂದು ಕಲ್ಲು ತೆಗೆದ. ಕಾರು ಅಲುಗಲಿಲ್ಲ. ಬ್ರೇಕು ಹಿಡಿದಿದೆ, ಒಳ್ಳೆಯದೇ ಆಯಿತು ಎಂದುಕೊಂಡು ಕಲ್ಲನ್ನು ಅದರ ಜಾಗಕ್ಕೆ ಇಡುತ್ತಿದ್ದಾಗ ಬೆನ್ನ ಹಿಂದೆ ಹೆಂಗಸಿನ ಕೂಗು ಕೇಳಿಸಿತು.

11.40ಕ್ಕೆ ಬಂಧನ. ಬೇಡಿ ಹಾಕಲಿಲ್ಲ.

ಜೀಪಿನಲ್ಲಿ ಅವನು ಒಂದೇ ಮಾತು ಕೇಳಿದ. "ಆ ತಾಯಿ ಉಳೀತಾಳಾ?"

ಜೀವಕ್ಕೆ ಅಪಾಯವಿಲ್ಲ, ಎಡಗಾಲು ಉಳಿಯಲಿಲ್ಲ ಎಂದು ಲ್ಯುಬೆನ್ ಹೇಳಿದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಾಳೆ ಕೋರ್ಟಿನಲ್ಲಿ ವಕೀಲರ ಬಾಯಿಂದ ಕೇಳುವ ಬದಲು ತನ್ನ ಬಾಯಿಂದಲೇ ಕೇಳಲಿ ಎನಿಸಿತು.

"ಕಾಗದ ಹರಿಯಬೇಡ ಅಂತ ಗಂಡನ ಕೈ ಹಿಡಿದೋಳು ಅವಳೇ, ಅಣ್ಣ. ಅದೇ ಸಿಟ್ಟಿಗೆ ಒಳಗೆ ಹೋಗಿ ಮಲಗಿದ್ಲು."

ಸ್ತಮೆನ್ ಗೀರುಬಿದ್ದ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅವುಗಳನ್ನೇ ನೋಡುತ್ತ ಕೂತ. ಠಾಣೆಯ ಮುಂದಿನ ಇಳಿಜಾರಿನಲ್ಲಿ ಸ್ಪಾಸ್ ಜೀಪು ನಿಲ್ಲಿಸಿ ಇಳಿದು, ಚಕ್ರಕ್ಕೆ ಇಡಲು ಕಲ್ಲು ಹುಡುಕಿದ. ಮುದುಕ ಈ ಸಲ ಕೆಳಗಿಳಿಯಲಿಲ್ಲ.