ಒಂದೂವರೆ ರೊಟ್ಟಿಯ ಶೇವಂತಾ

"ಇಷ್ಟು ದಪ್ಪ ಆಗ್ಲಿಕ್ಕಿ ದಿನಾ ಏನ್ ಉಣ್ತೀರಿ?"

ಇಲಾಖೆಯಿಂದ ತಪಾಸಣೆಗೆ ಬಂದ ಭಾಲ್ಕಿಯ ಗೋರಖನಾಥ ಆಡಿದ ಮೊದಲ ಮಾತೇ ಇದು. ಔರಾದಿನ ವಸತಿ ಶಾಲೆಯ ಅಡುಗೆಮನೆಯಲ್ಲಿ ಶೇವಂತಾಳ ರೊಟ್ಟಿ ಹಂಚಿನ ಮೇಲೆಯೇ ಕರಕಾಯಿತು.

ಅದು ೨೦೧೬ರ ಬರ. ಅರ್ಧ ಊರು ಹೈದರಾಬಾದಿಗೆ ದುಡಿಯಲು ಹೋಗಿತ್ತು. ಅವರು ಶಾಲೆಯಲ್ಲಿ ಬಿಟ್ಟುಹೋದ ಮಕ್ಕಳಿಗೆ ಇವಳದೇ ಅಡುಗೆ. ಆ ವರ್ಷ ಕಾಗೆಗಳ ಎಲುಬೂ ಎಣಿಸಬಹುದಿತ್ತು. ಶೇವಂತಾ ಮಾತ್ರ ಬಾಗಿಲು ತುಂಬುವಂತಿದ್ದಳು. ಮಕ್ಕಳ ಊಟ ಇವಳೇ ತಿನ್ನುತ್ತಾಳೆಂದು ಯಾರೋ ಅರ್ಜಿ ಬರೆದಿದ್ದರು. ಸಾಬೀತಾದರೆ ಕೆಲಸವೂ ಹೋಗುತ್ತದೆ, ಮರ್ಯಾದೆಯೂ…

"ಹದಿನೈದು ದಿನ ನಾ ಉಂಡಷ್ಟೇ ನೀವೂ ಉಣ್ರಿ. ಆಮ್ಯಾಗ ಕಳ್ಳಿ ಅನ್ರಿ," ಎಂದಳು.

ಹಟಮಾರಿ ಗಂಡಸು, ಒಪ್ಪಿದ. ಒಲೆ ಹಚ್ಚುವುದರಿಂದ ಪಾತ್ರೆ ತೊಳೆಯುವವರೆಗೆ ಎದುರಿಗೇ ಕೂತ. ಇಬ್ಬರಿಗೂ ಹೊತ್ತಿಗೆ ಒಂದೂವರೆ ರೊಟ್ಟಿ, ತೆಳ್ಳನೆಯ ಬೇಳೆ. ಅವನ ನೋಟ ತಾಟಿನಿಂದ ತನ್ನ ಕಡೆ ಹೊರಳಿದಾಗೆಲ್ಲ ಅವಳು ಸೆರಗು ಎಳೆದುಕೊಳ್ಳುತ್ತಿದ್ದಳು.

'ಇವನ ಕಣ್ಣಿಗೆ ನಾನು ಬರೀ ಮೈಯೇನಾ…'

ಹದಿನೈದನೇ ದಿನ ಅವನು ಜೋರು ಗಾಳಿ ಬೀಸಿದ್ದರೆ ಕಮಲನಗರಕ್ಕೆ ಹಾರಿಹೋಗುವಷ್ಟು ಸೊರಗಿದ್ದ. ತಕ್ಕಡಿಯಲ್ಲಿ ಅವನದು ನಾಲ್ಕು ಕಿಲೋ ಇಳಿದಿತ್ತು. ಅವಳದು ಅರ್ಧ ಕಿಲೋವೂ ಇಲ್ಲ.

ಅಂಕಿ ಬರೆದುಕೊಂಡು ಹೋದ. ಮೂರು ದಿನ ಸುದ್ದಿಯಿಲ್ಲ. ಕೆಲಸ ಹೋಯಿತೆಂದೇ ಶೇವಂತಾ ಬಟ್ಟೆ ಗಂಟು ಕಟ್ಟಿಟ್ಟುಕೊಂಡಳು.

ನಾಲ್ಕನೇ ದಿನ ಬಂದ. ಅವಳ ಅವ್ವ ಸುಭದ್ರಾಬಾಯಿಯನ್ನು ಕಂಡಿದ್ದನಂತೆ. ಇವಳು ಹೊಟ್ಟೆಯಲ್ಲಿದ್ದಾಗಲೂ ಬರವೇ. ಅವ್ವ ಬರೀ ನೀರು ಕುಡಿದು ಕಲ್ಲು ಒಡೆದವಳು. ಅದನ್ನೇ ಬೀದರಿನ ಡಾಕ್ಟರಿಗೆ ಕೇಳಿದನಂತೆ. ಮೈಯ ಗುಣ ಸ್ವಲ್ಪ ವಂಶದಿಂದಲೇ ಬರುತ್ತದೆ. ಜೊತೆಗೆ ಗರ್ಭದಲ್ಲೇ ಹಸಿದ ಮೈ ಕೆಲವರಲ್ಲಿ ತುತ್ತು ತುತ್ತನ್ನೂ ಕೂಡಿಡಲು ಕಲಿತುಬಿಡುತ್ತದೆ ಎಂದರಂತೆ.

"ನಿಮ್ಮದೇನೂ ತಪ್ಪಿಲ್ಲಂತ ಬರದು ಕೊಟ್ಟೀನ್ರಿ," ಎಂದ.

ಶೇವಂತಾ ಸೆರಗು ಬಾಯಿಗೆ ಒತ್ತಿ ಅತ್ತಳು. ಮೂವತ್ತು ವರ್ಷದ ಅಳು.

"ತಾಟು ನೋಡ್ಲಿಕ್ಕಿ ಬಂದಿದ್ದೆ. ಮೂರನೇ ದಿನಕ್ಕೇ ತಾಟು ಮರ್ತು ನಿಮ್ಮನ್ನೇ ನೋಡ್ಲಿಕ್ಕಿ ಹತ್ತಿದೆ… ನನ್ನ ಲಗ್ನ ಆಗ್ತೀರೇನ್ರಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗ ಹುಟ್ಟೋ ಕೂಸೂ ಹಿಂಗೇ ಆದ್ರ?"

"ಆಗ್ಲಿ. ನಮ್ಮ ಮನ್ಯಾಗ ಅದರ ತಾಟು ಯಾರೂ ನೋಡಂಗಿಲ್ರಿ."

ಅವಳು ಕಟ್ಟಿಟ್ಟ ಬಟ್ಟೆ ಗಂಟು ಬಿಚ್ಚತೊಡಗಿದಳು.

"ಅವ್ವಗ ಕೇಳ್ರಿ…"

"ಕೇಳೇ ಬಂದೀನ್ರಿ."

"ಏನಂದ್ಳು?"

"'ಮೊದಲ ಹೊಟ್ಟಿತುಂಬ ಉಣ್ಣು ತಮ್ಮಾ, ಆಮ್ಯಾಗ ಲಗ್ನದ ಮಾತು' ಅಂದ್ರು."

ಶೇವಂತಾ ನಕ್ಕು, ಅವನಿಗೆ ತಾಟು ಹಾಕಿದಳು.