ಬಂಪರಿನ ಬಿರುಕು ಕಾಣೆಯಾಗಿದೆ

ಹದಿನಾಲ್ಕನೇ ತಾರೀಕು, ಸೋಮವಾರ, ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಬಂದ ದೂರು ಕೇಳಿ ಠಾಣೆಯ ದಫೇದಾರ ಪೆನ್ನು ಕೆಳಗಿಟ್ಟ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಬೈಕು ಕಳೆದುಹೋಯಿತು ಎಂದು ಬಂದವರನ್ನು ಕಂಡಿದ್ದ, ಗಂಡ ಕಳೆದುಹೋದ ಎಂದು ಬಂದವರನ್ನೂ ಕಂಡಿದ್ದ. ಬಿರುಕು ಕಳೆದುಹೋಗಿದೆ ಎಂದು ಬಂದವರು ಇವರೇ ಮೊದಲು.

"ಇನ್ನೊಂದ್ಸಲ ಹೇಳಿ ಮೇಡಂ."

"ನನ್ನ ಕಾರಿನ ಮುಂದಿನ ಬಂಪರಿಗೆ ಎಡಗಡೆ ಒಂದು ಬಿರುಕಿತ್ತು. ಎರಡು ವರ್ಷದಿಂದ ಇತ್ತು. ತಂಗಿ ಹೆರಿಗೆಗೆ ಅಂತ ಒಂದು ವಾರ ಹೋಗಿದ್ದೆ. ನಿನ್ನೆ ಬಂದು ನೋಡಿದ್ರೆ ಬಿರುಕೇ ಇಲ್ಲ."

"ಏನೂ ಕದ್ದಿಲ್ಲ?"

"ಇಲ್ಲ."

"ಏನೂ ಒಡೆದಿಲ್ಲ?"

"ಅಯ್ಯೋ, ಒಡೆದಿದ್ದನ್ನ ಸರಿ ಮಾಡಿದ್ದಾರೆ ಅಂತ ತಾನೇ ಹೇಳ್ತಿರೋದು!"

"ಅಂಥ ಕಳ್ಳ ನಮ್ಮನೆಗೂ ಬರಲಿ ಅಂತ ಬೇಡ್ಕೊಳ್ತೀನಿ ಮೇಡಂ. ಬಚ್ಚಲುಮನೆ ಬಾಗಿಲು ಆರು ತಿಂಗಳಿಂದ ಒಂದೇ ಕೀಲಿನ ಮೇಲೆ ನೇತಾಡ್ತಿದೆ."

ಆಕೆ ನಗಲಿಲ್ಲ. ಹಲ್ಲಿನ ಡಾಕ್ಟರು. ಒಂದು ಮನೆಯ ಮಹಡಿಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಕಾರಿನ ಒಂದು ಕೀ ಅವರ ಬಳಿ, ಇನ್ನೊಂದು ಕೆಳಗಿನ ಮನೆಯ ಮಾಲೀಕರ ಬಳಿ. ಗಾಡಿ ನಿಂತೇ ಇದ್ದರೆ ಬ್ಯಾಟರಿ ಕೂತುಬಿಡುತ್ತದೆ, ಆಗಾಗ ಸ್ಟಾರ್ಟ್ ಮಾಡುತ್ತೇನೆ ಎಂದು ಆ ಯಜಮಾನರೇ ಕೇಳಿ ಇಟ್ಟುಕೊಂಡಿದ್ದರು. ಈಗ ಕೇಳಿದರೆ ನಾನು ಕಾರು ಮುಟ್ಟೇ ಇಲ್ಲ ಅನ್ನುತ್ತಾರೆ.

"ನಾನಿಲ್ಲದಾಗ ನನ್ನ ಗಾಡೀನ ಯಾರೋ ಬಿಚ್ಚಿ ಜೋಡಿಸಿದ್ದಾರೆ. ಇವತ್ತು ಕಾರು ಬಿಚ್ಚಿದೋರು ನಾಳೆ ಮನೆ ಬೀಗ ಬಿಚ್ಚಲ್ಲ ಅಂತ ಏನು ಗ್ಯಾರಂಟಿ?"

ಒಳಗಿನ ಕೋಣೆಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ ಇನ್ಸ್‌ಪೆಕ್ಟರ್ ಎದ್ದು ಬಂದರು.

"ಕಾರಿನ ಬಣ್ಣ ಯಾವುದು ಡಾಕ್ಟ್ರೇ?"

"ಕಡುನೀಲಿ."

ದಫೇದಾರನ ಮುಖದ ನಗು ಅಲ್ಲಿಗೇ ನಿಂತಿತು. ಇನ್ಸ್‌ಪೆಕ್ಟರ ಮೇಜಿನ ಮೇಲೆ ಐದು ದಿನದಿಂದ ಒಂದು ಕಡತ ಬಿದ್ದಿತ್ತು. ಒಂಬತ್ತನೇ ತಾರೀಕು ಬುಧವಾರ, ಬೆಳಗಿನ ಐದೂ ನಲವತ್ತರ ಸುಮಾರಿಗೆ, ರಸ್ತೆ ಗುಡಿಸುತ್ತಿದ್ದ ಪೌರಕಾರ್ಮಿಕ ಹೆಂಗಸೊಬ್ಬಳು ಚರಂಡಿಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಕಾರು ಗುದ್ದಿತು ಅಂತ ಅವಳ ಹೇಳಿಕೆ. ನೋಡಿದವರು ಯಾರೂ ಇಲ್ಲ. ಅವಳ ಸೂಪರ್‌ವೈಸರ್ ಮಾತ್ರ ಅವಳೇ ಕಾಲು ಜಾರಿ ಬಿದ್ದಿದ್ದಾಳೆ, ತಪ್ಪು ಮುಚ್ಚಿಕೊಳ್ಳಲು ಕಾರಿನ ಕತೆ ಕಟ್ಟಿದ್ದಾಳೆ ಎಂದು ನಗರಸಭೆಗೆ ವರದಿ ಬರೆದು, ಅವಳ ಜಾಗಕ್ಕೆ ಬೇರೆಯವಳನ್ನು ತರುವ ತಯಾರಿಯಲ್ಲಿದ್ದ. ಎಫ್‌ಐಆರ್‌ನಲ್ಲಿ 'ಅಪರಿಚಿತ ವಾಹನ' ಎಂದಿತ್ತು. ಸ್ಥಳ ಪಂಚನಾಮೆಯಲ್ಲಿ ಸಿಕ್ಕಿದ್ದು ಹೆಬ್ಬೆರಳಷ್ಟು ಉದ್ದದ, ಮೂರು ಮೂಲೆಯ ನೀಲಿ ಪ್ಲಾಸ್ಟಿಕ್ ಚೂರು ಒಂದು. ಯಾವುದೋ ಬಕೆಟ್ಟಿನದ್ದಿರಬೇಕು ಸಾರ್ ಎಂದು ಸೂಪರ್‌ವೈಸರ್ ಅದನ್ನೂ ತಳ್ಳಿಹಾಕಿದ್ದ.

ಆಸ್ಪತ್ರೆಯಲ್ಲಿ ಆ ಹೆಂಗಸು ಹೇಳಿದ್ದು ಒಂದೇ ಮಾತು. "ನಾನಾಗೇ ಬಿದ್ದಿಲ್ಲ ಸಾರ್. ಹಂಗಂತ ಬರೀಬೇಡಿ."

ಹನ್ನೊಂದು ಗಂಟೆಗೆ ಮೂವರೂ ಠಾಣೆಯ ಅಂಗಳದಲ್ಲಿದ್ದ ಕಾರಿನ ಮುಂದೆ ನಿಂತರು. ಬಿಸಿಲು ಚುರುಗುಟ್ಟುತ್ತಿತ್ತು. ದಫೇದಾರ ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ಮೇಡಂ, ಗಾಡಿ ನೀಲಿ, ಬಂಪರಿನ ಎರಡು ತುದಿ ಹಸಿರು! ಇದೆಂಥ ಫ್ಯಾಷನ್ನು?"

ಡಾಕ್ಟರೂ ಬೆಚ್ಚಿದರು. ಮನೆಯ ಕಾರ್ ಶೆಡ್ಡಿನ ಮಬ್ಬಿನಲ್ಲಿ ಅವರಿಗೆ ಅದು ಗೊತ್ತಾಗಿರಲಿಲ್ಲ. ಎಡಗಡೆ ಒಂದು ಪಟ್ಟೆ, ಬಲಗಡೆ ಒಂದು ಪಟ್ಟೆ, ಎರಡೂ ಕಡುಹಸಿರು.

"ಬಲಗಡೆ ಬಿರುಕೇ ಇರಲಿಲ್ಲವಲ್ಲ," ಎಂದು ಆಕೆ ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ಉಗುರನ್ನು ಆ ಪಟ್ಟೆಯ ಮೇಲೆ ಎಳೆದರು. "ಸಾರ್, ನಾನು ದಿನವಿಡೀ ಬಿರುಕು ತುಂಬೋಳು. ಇದನ್ನ ಮಾಡಿರೋ ಕೈ ಚಿನ್ನದಂಥಾ ಕೈ. ಮುಟ್ಟಿದ್ರೆ ಎಲ್ಲಿ ಜೋಡಿಸಿದ್ದು ಅಂತಾನೇ ಸಿಗಲ್ಲ. ಆದ್ರೆ ಶೇಡ್ ನೋಡದೆ ನಾನು ಒಂದು ಹಲ್ಲೂ ತುಂಬಲ್ಲ. ಇಷ್ಟು ಕೆಲಸ ಬಲ್ಲೋನಿಗೆ ಬಣ್ಣ ಬೇರೆ ಅಂತ ಕಾಣಲಿಲ್ವಾ?"

ಇನ್ಸ್‌ಪೆಕ್ಟರ್ ಬಗ್ಗಿ ಎರಡೂ ಪಟ್ಟೆಗಳನ್ನು ನೋಡಿದರು. ಆ ಮಾತು ಅವರ ತಲೆಯಿಂದ ಹೋಗಲಿಲ್ಲ.

"ನಿಮ್ಮ ಮನೆ ಮಾಲೀಕರು ಏನು ಕೆಲಸದಲ್ಲಿದ್ರು?"

"ಬಸ್ಸಿನ ಬಾಡಿ ಕಟ್ಟೋ ವರ್ಕ್‌ಶಾಪಿನಲ್ಲಿ. ಬೀದಿಯೋರೆಲ್ಲ ಮೇಸ್ತ್ರಿ ಅಂತಾನೇ ಕರೀತಾರೆ."

ಹನ್ನೊಂದೂ ಐವತ್ತಕ್ಕೆ ಕಾರಿನೊಂದಿಗೆ ಎಲ್ಲರೂ ಆ ಮನೆ ತಲುಪಿದರು. ಎದುರಿನ ಅಂಗಡಿಯಿಂದ ಇಬ್ಬರನ್ನು ಪಂಚರಾಗಿ ಕರೆದುಕೊಂಡರು. ಮೇಸ್ತ್ರಿ ಜಗಲಿಯ ಕುರ್ಚಿಯಲ್ಲಿದ್ದರು, ಇಸ್ತ್ರಿ ಅಂಗಿ, ನೆಟ್ಟಗಿನ ಬೆನ್ನು. ಪಕ್ಕದಲ್ಲೇ ಅವರ ಹೆಂಡತಿ. ಪ್ರಶ್ನೆ ಮೇಸ್ತ್ರಿಗೆ ಹಾಕಿದರೂ ಉತ್ತರ ಆಕೆಯಿಂದ ಬರುತ್ತಿತ್ತು.

"ಯಜಮಾನ್ರೇ, ಒಂಬತ್ತನೇ ತಾರೀಕು ಬೆಳಗ್ಗೆ ಎಲ್ಲಿದ್ರಿ?"

"ಮನೇಲೇ ಇದ್ರು," ಎಂದರು ಆಕೆ.

"ಅವರು ಹೇಳಲಿ ಅಮ್ಮಾ."

"ಮನೇಲೇ," ಎಂದರು ಮೇಸ್ತ್ರಿ.

"ಕಾರು?"

"ಮುಟ್ಟಿಲ್ಲ. ಈ ಸಲ ಸ್ಟಾರ್ಟೂ ಮಾಡಿಲ್ಲ."

ಅಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬಳಿಯಿಂದ ದಫೇದಾರ ಒಂದು ಕೆಂಪು ಬಕೆಟ್ಟು ಹಿಡಿದು ಬಂದ. ಅದರ ಅಂಚಿನಿಂದ ಬೆರಳಗಲದ ಪಟ್ಟಿಗಳನ್ನು ಕತ್ತರಿಸಿ ತೆಗೆದಿತ್ತು.

"ಇದೇನಮ್ಮಾ?"

"ಇಲಿ ಕಡಿದಿದೆ."

"ಸ್ಕೇಲ್ ಇಟ್ಟು ಕಡಿಯೋ ಇಲಿ! ಭಾರೀ ಓದಿದ ಇಲಿ ಇರಬೇಕು."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇನ್ಸ್‌ಪೆಕ್ಟರ್ ಬಕೆಟ್ಟನ್ನು ಪಂಚನಾಮೆಗೆ ಸೇರಿಸಿ, ಬಂಪರ್ ಬಿಚ್ಚು ಎಂದು ದಫೇದಾರನಿಗೆ ಹೇಳಿದರು. ದಫೇದಾರನ ಕೈಗೆ ಸ್ಕ್ರೂಡ್ರೈವರ್ ಕೊಡುವುದೂ ಒಂದೇ, ಸುತ್ತಿಗೆ ಕೊಡುವುದೂ ಒಂದೇ. ಅಡಿಯ ಎರಡು ಸ್ಕ್ರೂ ತೆಗೆದು, ಉಳಿದಿದ್ದನ್ನು ಎಳೆದರೆ ಬರುತ್ತದೆ ಎಂದು ಕಾಲೂರಿ ಜಗ್ಗಿದ. ಪ್ಲಾಸ್ಟಿಕ್ಕು ಲಟಕ್ಕೆಂದಿತು.

"ಎಳೀಬೇಡಾ!" ಜಗಲಿಯಿಂದ ಮೇಸ್ತ್ರಿ ಕೂಗಿದರು. "ಮುರಿದುಹಾಕ್ತೀಯಲ್ಲೋ! ಮೊದಲು ಚಕ್ರದ ಒಳಗಿನ ಸ್ಕ್ರೂ ತೆಗಿ!"

"ಎಲ್ಲಿದೆ ಅಂತ ಕಾಣ್ತಿಲ್ಲ ಮೇಸ್ತ್ರಿಗಳೇ," ಎಂದ ದಫೇದಾರ.

ಅವರಿಗೆ ತಡೆಯಲಾಗಲಿಲ್ಲ. ಎದ್ದೇಬಿಟ್ಟರು. "ಎರಡು ಮೆಟ್ಟಿಲು," ಎಂದರು ಹೆಂಡತಿ, ತೀರಾ ಸಣ್ಣ ದನಿಯಲ್ಲಿ. ಇನ್ಸ್‌ಪೆಕ್ಟರ್ ಅದನ್ನು ಕೇಳಿಸಿಕೊಂಡರು.

ಮೇಸ್ತ್ರಿ ಕಾರಿನ ಮುಂದೆ ಕೂತರು. ಮುಖ ಬೇರೆ ಕಡೆ, ಬೆರಳು ಮಾತ್ರ ಬಂಪರಿನ ಅಡಿಯಲ್ಲಿ ಓಡುತ್ತಿದ್ದವು. ಚಕ್ರದ ಒಳಗೆ ಕೈ ಹಾಕಿ ಸ್ಕ್ರೂ ತೆಗೆದರು. ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಎಬ್ಬಿಸಿದರು. ನೋಡುತ್ತಿದ್ದ ಪಂಚನೊಬ್ಬ ಆಹಾ ಎಂದ, ಆಮೇಲೆ ತಾನು ಪಂಚ ಎಂದು ನೆನಪಾಗಿ ಸುಮ್ಮನಾದ.

"ಬಲಗಡೆ ಹಿಡ್ಕೋ," ಎಂದರು ಮೇಸ್ತ್ರಿ ದಫೇದಾರನಿಗೆ. "ಅಲ್ಲಿ ಮೂರನೇ ಕ್ಲಿಪ್ಪಿಲ್ಲ, ಸ್ಕ್ರೂ ಇದೆ. ಅದನ್ನ ಬಿಚ್ಚಿಯೇ ಎಳಿ."

"ಮುಟ್ಟಿಲ್ಲ ಅಂದ್ರಿ," ಎಂದರು ಇನ್ಸ್‌ಪೆಕ್ಟರ್. "ಮೂರನೇ ಕ್ಲಿಪ್ಪಿಲ್ಲ ಅಂತ ಹೇಗೆ ಗೊತ್ತು?"

ಮೇಸ್ತ್ರಿಯ ಕೈ ಅಲ್ಲೇ ನಿಂತಿತು.

ದಫೇದಾರ ಬಂಪರನ್ನು ಕಳಚಿ ಬೋರಲು ಹಾಕಿದ. ಒಳಮೈಯಲ್ಲಿ ಎರಡೂ ಬಿರುಕಿನ ತುದಿಗೆ ಸಣ್ಣ ತೂತು ಕೊರೆದಿತ್ತು, ಬಿರುಕು ಮುಂದೆ ಓಡದಿರಲಿ ಎಂದು. ಸ್ಟೀಲಿನ ಜಾಲರಿಯನ್ನು ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಒತ್ತಿ, ಮೇಲೆ ಕೆಂಪು ಪ್ಲಾಸ್ಟಿಕ್ ಕರಗಿಸಿ ತುಂಬಿತ್ತು. ಬಲಗಡೆ ಒಂದು ಜಾಗದಲ್ಲಿ ಹಳೆಯ ಪ್ಲಾಸ್ಟಿಕ್ಕೇ ಇರಲಿಲ್ಲ, ಮೂರು ಮೂಲೆಯ ಕೆಂಪು ತೇಪೆ ಮಾತ್ರ ಇತ್ತು. ಇನ್ಸ್‌ಪೆಕ್ಟರ್ ಜೊತೆಗೆ ತಂದಿದ್ದ ಲಕೋಟೆಯಿಂದ ಆ ನೀಲಿ ಚೂರು ತೆಗೆದು ತೇಪೆಯ ಮೇಲಿಟ್ಟರು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಗಂಟೆ ಹನ್ನೆರಡೂ ಮೂವತ್ತೈದು ಎಂದು ದಫೇದಾರ ಬರೆದುಕೊಂಡ.

"ಎಡಗಡೇದು ಹಳೇ ಬಿರುಕು. ಅದನ್ನ ಯಾಕೆ ಮುಟ್ಟಿದ್ರಿ? ಅದೊಂದನ್ನ ಬಿಟ್ಟಿದ್ರೆ ಡಾಕ್ಟ್ರು ಠಾಣೆಗೇ ಬರ್ತಿರಲಿಲ್ಲ."

"ಬಂಪರ್ ಕೆಳಗಿಳಿಸಿದ್ಮೇಲೆ ಬೆರಳಿಗೆ ಸಿಕ್ತು," ಎಂದರು ಮೇಸ್ತ್ರಿ. "ಸಿಕ್ಕಿದ್ದನ್ನ ಹಾಗೇ ಬಿಟ್ಟು ವಾಪಸ್ ಜೋಡಿಸೋಕೆ ಮನಸ್ಸು ಬರಲಿಲ್ಲ."

"ಯಾವ ಬಣ್ಣ ಹಚ್ಚಿದ್ರಿ?"

"ನೀಲಿ. ಕಾರಿನ ಬಣ್ಣವೇ. ವರ್ಕ್‌ಶಾಪಿನ ಹಳೇ ಡಬ್ಬಿ ಇತ್ತು."

"ಅದು ಹಸಿರು, ಮೇಸ್ತ್ರಿಗಳೇ."

ಮೇಸ್ತ್ರಿ ಬಂಪರಿನ ಕಡೆ ಮುಖ ತಿರುಗಿಸಿದರು, ಹತ್ತಿರ ಬಗ್ಗಿದರು, ಇನ್ನೂ ಬಗ್ಗಿದರು. ಆಮೇಲೆ ಹೆಂಡತಿ ಇದ್ದ ದಿಕ್ಕಿಗೆ ತಿರುಗಿದರು.

"ನೀನು ನೋಡಿದ್ಯಾ?"

"ನೋಡಿದ್ದೆ," ಎಂದರು ಆಕೆ. ಅಳು ಒತ್ತರಿಸಿಕೊಂಡು ಬಂತು. "ಅವತ್ತೇ ನೋಡಿದ್ದೆ. ಹಸಿರು ಅಂತ ಹೇಳಿದ್ರೆ, ನಿಮಗೆ ಕಾಣಲ್ಲ ಅನ್ನೋದು ನನಗೆ ಗೊತ್ತು ಅಂತ ನಿಮಗೆ ಗೊತ್ತಾಗಿಬಿಡ್ತಿತ್ತಲ್ಲ. ಬಾಯಿ ಬರಲಿಲ್ಲ."

ಆಕೆ ಒಳಗೆ ಹೋಗಿ ಬೀರುವಿನ ಸೀರೆಗಳ ಅಡಿಯಿಂದ ಒಂದು ಚೀಟಿ ತಂದರು. ಮೇಸ್ತ್ರಿ ಎಸೆದಿದ್ದನ್ನು ಆಕೆ ಎತ್ತಿಟ್ಟುಕೊಂಡಿದ್ದರು. ಕಣ್ಣಿನ ಡಾಕ್ಟರದ್ದು, ಮೂರು ವರ್ಷ ಹಳೆಯದು. ದೃಷ್ಟಿ ಸುತ್ತಲಿಂದ ಕಿರಿದಾಗುತ್ತಿದೆ, ಬಣ್ಣಗಳ ಗುರುತೂ ಕುಂದುತ್ತಿದೆ, ವಾಹನ ಓಡಿಸಕೂಡದು ಎಂದಿತ್ತು.

ಮೇಸ್ತ್ರಿಯ ಹೇಳಿಕೆಯನ್ನು ಠಾಣೆಯಲ್ಲಿ ಎರಡೂವರೆಗೆ ಬರೆದುಕೊಂಡರು. ವರ್ಕ್‌ಶಾಪಿನಲ್ಲಿ ಹೊಸ ಬಸ್ಸು ತಯಾರಾದರೆ ಮೊದಲ ಸುತ್ತು ಓಡಿಸುತ್ತಿದ್ದವರು ಅವರೇ. ಬ್ಯಾಟರಿಯ ನೆವದಲ್ಲಿ ಡಾಕ್ಟರ ಕಾರನ್ನು ಬೆಳಗಿನ ಜಾವ ಬೀದಿಗೆ ತೆಗೆದು, ತಿರುವುಗಳನ್ನು ಎಣಿಸುತ್ತ ಒಂದು ಸುತ್ತು ಹಾಕಿ ಬರುವುದು ವರ್ಷದಿಂದ ನಡೆದಿತ್ತು.

"ಗುದ್ದಿದ್ದು ಗೊತ್ತಾಯ್ತಾ?"

"ಮೊದಲು ಕಸದ ಡ್ರಮ್ಮು ಅಂದ್ಕೊಂಡೆ. ಆಮೇಲೆ ಅಯ್ಯೋ ಅಂತ ಕೇಳಿಸ್ತು. ಗಾಡಿ ನಿಲ್ಲಿಸಿದೆ."

"ಇಳಿದ್ರಾ?"

"ಬಾಗಿಲು ತೆಗೆದೆ. ಎಲ್ಲಿ ಬಿದ್ದಿದ್ದಾಳೆ ಅಂತ ಕಾಣಲಿಲ್ಲ. ಯಾರನ್ನಾದ್ರೂ ಕೂಗಬೇಕಿತ್ತು. ಕೂಗಿದ್ರೆ, ಕಣ್ಣು ಕಾಣದೋನು ಗಾಡಿ ಓಡಿಸ್ತಿದ್ದ ಅಂತ ಇಡೀ ಬೀದಿ..." ಮೇಸ್ತ್ರಿ ಅಲ್ಲಿಗೆ ನಿಲ್ಲಿಸಿದರು. "ಬಾಗಿಲು ಹಾಕ್ಕೊಂಡೆ."

ಮೂರೂ ಹತ್ತಕ್ಕೆ ದಸ್ತಗಿರಿ ಮಾಡಲಾಯಿತು. ಸಹಿ ಹಾಕುವ ಗೆರೆಯ ಮೇಲೆ ದಫೇದಾರ ಅವರ ಬೆರಳು ಹಿಡಿದು ಇಟ್ಟ.

ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋದರು. ಆ ಹೆಂಗಸಿನ ಕಾಲಿಗೆ ತೂಕ ಕಟ್ಟಿ ಎಳೆದಿಟ್ಟಿದ್ದರು.

"ನೀವಾಗೇ ಬಿದ್ದಿದ್ದಲ್ಲ ಅಮ್ಮಾ. ಕಾರು ಸಿಕ್ತು, ಆಳೂ ಸಿಕ್ಕಿದ್ರು. ನಗರಸಭೆಗೆ ನಾನೇ ಬರೆದು ಕಳಿಸಿದ್ದೀನಿ. ಕೆಲಸದಿಂದ ನಿಮ್ಮ ಹೆಸರು ತೆಗೆಯೋಕೆ ಬರಲ್ಲ."

ಅವಳು ಹಾಸಿಗೆಯ ಕಂಬಿ ಹಿಡಿದು ಅರ್ಧ ಎದ್ದಳು. ಕಣ್ಣು ತುಂಬಿತ್ತು. "ಕುಡಿದಿದ್ನಾ ಸಾರ್?"

"ಇಲ್ಲಮ್ಮಾ. ವಯಸ್ಸಾದೋರು. ಕಣ್ಣು ಕಾಣ್ತಿರಲಿಲ್ಲ."

ಪಾಪ ಅಂದಾಳು ಎಂದು ಇನ್ಸ್‌ಪೆಕ್ಟರ್ ಕಾದರು.

"ನಾನು ಕೂಗಿದ್ದೆ ಸಾರ್," ಎಂದಳು. "ಕಿವಿ ಕೇಳ್ತಿತ್ತಲ್ವಾ?"

"ಕೇಳ್ತಿತ್ತು," ಎಂದರು ಇನ್ಸ್‌ಪೆಕ್ಟರ್. "ಅದನ್ನೂ ಬರೆದುಕೊಂಡಿದ್ದೀನಿ ತಾಯಿ."