ಮುಚ್ಚಳ ಬಿಟ್ಟುಹೋದ ಕಳ್ಳ

ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಳ ಮಾತ್ರ ಉಳಿದಿತ್ತು. ಬೋಗುಣಿ ಮಾಯವಾಗಿತ್ತು.

ಮೊಲೊಕಾಯಿ ದ್ವೀಪದ ಆ ಪುಟ್ಟ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಹೌನಾನಿ ಅಜ್ಜಿಗೆ ಅಂದು ಸಂಜೆಯೇ ಸನ್ಮಾನ. ಅಲ್ಲಿಗೆ ಮೊಟ್ಟಮೊದಲು ಬಂದ ವಸ್ತುವೇ ಅಜ್ಜಿಯ ತವರಿನ ಆ ಮರದ ಬೋಗುಣಿ. ಕೆಸುವಿನ ಗಡ್ಡೆ ಜಜ್ಜಿ ಮಾಡಿದ ಪೋಯಿಯನ್ನು ಮನೆಮಂದಿಯೆಲ್ಲ ಅದರಲ್ಲೇ ಬೆರಳಿಟ್ಟು ಉಂಡವರು. ಅಕ್ಕತಂಗಿ ಕಿತ್ತಾಡಿದರೆ ತಾಯಿ ಸುಮ್ಮನೆ ಮುಚ್ಚಳ ತೆಗೆದಿಡುತ್ತಿದ್ದಳಂತೆ. ಪೋಯಿ ಬೋಗುಣಿ ತೆರೆದಿರುವಷ್ಟು ಹೊತ್ತು ಯಾರೂ ದನಿ ಏರಿಸುವಂತಿಲ್ಲ ಎಂಬುದು ಇಡೀ ದ್ವೀಪದ ಕಟ್ಟಳೆ.

ಅದು ಗಾಜಿನೊಳಗೆ ಸೇರಿದ ದಿನವೇ ತಂಗಿ ಮೊಕಿಹಾನಾ ಮುನಿಸಿಕೊಂಡಳು. "ಅದರಲ್ಲಿ ಪೋಯಿ ತುಂಬಿದ ದಿನ ಕರಿ, ಬಂದು ಉಣ್ತೀನಿ. ಅಲ್ಲೀವರೆಗೂ ನಿನ್ನ ಮನೆ ನೀರೂ ಬೇಡ" ಅಂದವಳು ಮತ್ತೆ ಅಕ್ಕನ ಮನೆಗಾಗಲಿ ಸಂಗ್ರಹಾಲಯಕ್ಕಾಗಲಿ ಕಾಲಿಟ್ಟಿರಲಿಲ್ಲ.

"ಇನ್ಯಾರು, ಆ ತಂಗೀನೇ. ಪೊಲೀಸರನ್ನ ಕರೀತೀನಿ," ಅಂದರು ಸಂಗ್ರಹಾಲಯದ ಈಗಿನ ಮುಖ್ಯಸ್ಥೆ ಯಮಾಶಿರೊ, ಮುಚ್ಚಳವನ್ನು ಕಂಕುಳಲ್ಲಿ ಅವುಚಿಕೊಂಡು.

ಅಲ್ಲಿ ಸಹಾಯಕನಾಗಿದ್ದ ಎಕೋಲುವಿಗೆ ಅಜ್ಜಿಯದೇ ಚಿಂತೆ. ದಿನಾ ಸಂಜೆ ಅಜ್ಜಿಯ ಗಾಲಿಕುರ್ಚಿಯನ್ನು ಮನೆಗೆ ತಳ್ಳುವವನು ಅವನೇ. ನಿನ್ನೆಯೂ ದಾರಿಯುದ್ದಕ್ಕೂ ಅಜ್ಜಿಯದು ಅದೇ ಮಾತು: "ಮೊಕಿ ನಾಳೆ ಬರ್ತಾಳೇನೋ?" ಸನ್ಮಾನದ ದಿನವೇ ತಂಗಿಯನ್ನು ಪೊಲೀಸರು ಎಳೆದೊಯ್ದರೆ ಅಜ್ಜಿ ಉಳಿದಾಳೆಯೇ?

ಅವನು ನೇರ ಹಿಂದಿನ ಕೋಣೆಗೆ ಓಡಿದ. ಪತ್ತೇದಾರಿಕೆಯಿಂದ ನಿವೃತ್ತಳಾದ ಕಲೆಹುವಾ ಸಂಗ್ರಹಾಲಯವನ್ನು ಕಾಯುತ್ತ ಅಲ್ಲೇ ವಾಸವಾಗಿದ್ದಳು. ಹೂಮಾಲೆ ಪೋಣಿಸುತ್ತಿದ್ದ ಸೂಜಿಯನ್ನು ಮುಡಿಗೆ ಸಿಕ್ಕಿಸಿಕೊಂಡು ಎದ್ದು ಬಂದಳು.

"ಬೀಗ ಒಡೆದಿಲ್ಲ," ಅಂದಳು ಬಗ್ಗಿ ನೋಡಿ.

"ಬೀಗದಕೈ ಪರದೆ ಹಿಂದಿನ ಮೊಳೇಲಿ ಇರುತ್ತಲ್ಲ. ನಮ್ಮೋರಿಗೆಲ್ಲ ಗೊತ್ತು."

"ನಿನ್ನೆ ಕೊನೇಲಿ ಹೊರಟೋರು?"

"ನಾನೇ. ನಾನು ಹಿಂಬಾಗಿಲು ಹಾಕಿ ಬರೋಷ್ಟರಲ್ಲಿ ಅಜ್ಜಿ ಶಾಲು ಹೊದ್ದು ತಯಾರಾಗಿದ್ದರು. ದಿಬ್ಬ ಹತ್ತೋದ್ರಲ್ಲಿ ಸೊಂಟ ಬಿದ್ದೋಯ್ತು ನೋಡಿ. ಊಟಕ್ಕೆ ಸ್ವಲ್ಪ ಕಡಿವಾಣ ಹಾಕಿ ಅಜ್ಜೀ ಅಂತ ಅಂದೂಬಿಟ್ಟೆ."

ಕಲೆಹುವಾ ಅವನ ಮುಖವನ್ನೇ ನೋಡಿ ನಕ್ಕಳು. "ಮಧ್ಯಾಹ್ನ ಎಲ್ಲರಿಗೂ ಅಜ್ಜಿ ಮನೇಲಿ ಊಟ. ಅಲ್ಲೀವರೆಗೂ ಪೊಲೀಸರು ಬೇಡ ಅಂತ ಮೇಡಂಗೆ ಹೇಳು. ಮೊಕಿಹಾನಾನ್ನ ಕರ್ಕೊಂಡು ಬಾ. ಎತ್ಕೊಂಡಾದ್ರೂ ಬಾ."

ಮೊಕಿಹಾನಾ ಬಂದಳೇನೋ ಬಂದಳು, ಆದರೆ ಹೊಸ್ತಿಲಾಚೆಯೇ ನಿಂತಳು. ಕಲೆಹುವಾ ಅಡುಗೆಮನೆಯ ಪರದೆ ಸರಿಸಿ ಬೋಗುಣಿಯನ್ನು ಎತ್ತಿ ತಂದು ಚಾಪೆಯ ನಡುವೆ ಇಟ್ಟಳು. ತುಂಬ ಪೋಯಿ ಇತ್ತು.

ಯಮಾಶಿರೊ ದಡಕ್ಕನೆ ಎದ್ದರು. "ಇದು ಸಂಗ್ರಹಾಲಯದ..."

"ಬೋಗುಣಿ ತೆರೆದಿದೆ, ಮೇಡಂ," ಅಂದ ಎಕೋಲು ಮೆಲ್ಲಗೆ.

ಅವರೂ ಈ ದ್ವೀಪದಲ್ಲೇ ಹುಟ್ಟಿ ಬೆಳೆದವರು. ಬಂದ ಮಾತನ್ನು ನುಂಗಿಕೊಂಡು ಕೂತರು.

"ಮಾರೋ ಕಳ್ಳ ಆಗಿದ್ರೆ ಮುಚ್ಚಳ ಬಿಡ್ತಿರಲಿಲ್ಲ, ಜೋಡಿಗೇ ಬೆಲೆ," ಅಂದಳು ಕಲೆಹುವಾ. "ಬೋಗುಣಿ ಮುಚ್ಚೋದೇ ಬೇಡ, ಜಗಳ ಮತ್ತೆ ಶುರುವಾಗೋದೇ ಬೇಡ ಅಂದುಕೊಂಡೋರ ಕೈ ಇದು. ಮೊಕಿಹಾನಾ ಅಲ್ಲಿಗೆ ಕಾಲೇ ಇಟ್ಟಿಲ್ಲ, ಬೀಗದಕೈ ಜಾಗ ಅವಳಿಗೆಲ್ಲಿ ಗೊತ್ತು? ಇನ್ನು ಬೋಗುಣಿ ಹೊರಗೆ ಹೋದದ್ದು ಹೇಗೆ? ಗುಬ್ಬಿಯಷ್ಟು ಉಣ್ಣೋ ಅಜ್ಜಿ ಒಂದೇ ದಿನದಲ್ಲಿ ಅಷ್ಟು ಭಾರ ಆಗ್ತಾರೇನೋ, ಎಕೋಲು? ಶಾಲಿನ ಕೆಳಗೆ ತೊಡೆ ಮೇಲೆ ಕೂತಿತ್ತು."

ಎಕೋಲುವಿನ ಕಿವಿ ಬಿಸಿಯಾಯಿತು. "ಹಂಗಾದ್ರೆ ಕದ್ದ ಮಾಲು ಸಾಗಿಸಿದ್ದು ನಾನಾ?"

"ನೀನು ಏದುಸಿರು ಬಿಟ್ಟಾಗೆಲ್ಲ ನಗು ತಡ್ಕೊಳ್ಳೋದೇ ಕಷ್ಟವಾಯ್ತು, ಮಗಾ," ಅಂದಳು ಹೌನಾನಿ ಅಜ್ಜಿ. ಆಮೇಲೆ ತಂಗಿಯತ್ತ ತಿರುಗಿದಳು. "ಬೆಳಿಗ್ಗೆಯಿಂದ ತುಂಬಿಟ್ಕೊಂಡು ಕೂತಿದ್ದೀನಿ. ಕರೆಯೋಕೆ ಧೈರ್ಯ ಬರಲಿಲ್ಲ. ಇಡೀ ದ್ವೀಪದ ಸಾಮಾನು ಕಾಪಾಡಿದೆ ಮೊಕಿ, ನಿನ್ನನ್ನ ಕಳ್ಕೊಂಡೆ."

ಮೊಕಿಹಾನಾ ಹೊಸ್ತಿಲು ದಾಟಿದಳು. ಅಕ್ಕನ ಪಕ್ಕ ಕೂತು ಎರಡು ಬೆರಳು ಅದ್ದಿ ನೆಕ್ಕಿದಳು.

"ನೀರು ಜಾಸ್ತಿ. ಆವಾಗ್ಲೂ ಹಿಂಗೇ ಮಾಡ್ತಿದ್ದೆ," ಅಂದು ಮತ್ತೆ ಅದ್ದಿದಳು. ಹೌನಾನಿ ಅಜ್ಜಿ ಕಣ್ಣೊರೆಸಿಕೊಂಡು ತಾನೂ ಬೆರಳಿಟ್ಟಳು.

ಬಿಸಿಲು ಇಳಿಯಿತು. ದಿಬ್ಬದ ಕೆಳಗೆ ಸಂಗ್ರಹಾಲಯದ ಅಂಗಳದಲ್ಲಿ ಜನ ಸೇರುವ ಸದ್ದು ಕೇಳಿಸಿತು. ಯಮಾಶಿರೊ ಗಂಟಲು ಸರಿಮಾಡಿಕೊಂಡು, ಬಲು ಮೆತ್ತಗೆ, ಮುಚ್ಚಳವನ್ನು ಮುಂದೆ ಚಾಚಿದರು. "ಸನ್ಮಾನಕ್ಕೆ ಹೊತ್ತಾಯ್ತು..."

ಮೊಕಿಹಾನಾ ಅದನ್ನು ಈಸಿಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು.

"ಕಾಯಲಿ," ಅಂದಳು. "ನಾವಿನ್ನೂ ಉಣ್ತಿದ್ದೀವಿ."